ಸೂಚೀಪರ್ಣಿ ವೃಕ್ಷಗಳ ಎಲೆಬಣ್ಣ: ವೈವಿಧ್ಯದ ಆನುವಂಶಿಕ ಆಧಾರ

ಪೈನ್, ಸ್ಪ್ರೂಸ್, ಫರ್, ದೇವದಾರು, ಲಾರ್ಚ್, ಸುಗಿ, ರೆಡ್‌ವುಡ್ ಮೊದಲಾದ, ಹೂವಿಲ್ಲದೆ ಶಂಕುಗಳಲ್ಲಿ ಬೀಜ ಕಟ್ಟುವ ಅನಾವೃತಬೀಜ ವೃಕ್ಷಗಳನ್ನು, ಅವುಗಳ ಎಲೆಗಳು ಬಹುಮಟ್ಟಿಗೆ ಸೂಜಿಯಂತೆ ಕಿರಿದಾಗಿರುವುದರಿಂದ, ಸೂಚೀಪರ್ಣಿಗಳೆಂದು ಕರೆಯುವುದು ರೂಢಿ. ಇವುಗಳ ಕಾಡು ದೂರದಿಂದ ನೋಡುವವರಿಗೆ ಆದ್ಯಂತವೂ ಒಂದೇ ಕಡುಹಸಿರಾಗಿ ತೋರುವುದಾದರೂ, ಹತ್ತಿರ ಹೋಗಿ ಮರಮರವನ್ನೂ ಪರೀಕ್ಷಿಸುವವರಿಗೆ ಒಂದೇ ಜಾತಿಯ, ಒಂದೇ ವಯಸ್ಸಿನ, ಒಂದೇ ನೆಲದಲ್ಲಿ ಬೇರೂರಿದ ಎರಡು ಮರಗಳಲ್ಲಿ ಒಂದು ಹಸಿರಾಗಿಯೂ ಇನ್ನೊಂದು ಬೆಳ್ಳಿಯ ಛಾಯೆಯ ನೀಲಿಯಾಗಿಯೂ ಇರುವುದು ಗೋಚರವಾಗುತ್ತದೆ. ಸಾವಿರಾರು ಸಸಿಗಳ ನಡುವೆ ಒಂದು ಹೊಂಬಣ್ಣದ್ದೋ ಅಚ್ಚ ಬಿಳಿಯದೋ ತಲೆಯೆತ್ತಿರುವುದೂ, ಚಳಿಗಾಲ ಬಂದೊಡನೆ ಕೆಲವು ಮರಗಳು ಕಂಚಿನ ಬಣ್ಣಕ್ಕೋ ನೇರಳೆಗೋ ತಿರುಗಿ ಮತ್ತೆ ವಸಂತದಲ್ಲಿ ಹಸಿರನ್ನು ಮರಳಿ ಪಡೆಯುವುದೂ ಕಾಣಬರುತ್ತದೆ. ನೀಲಿ, ಹೊನ್ನು, ಬಿಳುಪು, ಕಂಚು ಎಂಬ ಈ ಭೇದಗಳನ್ನು ನಾವು ಬಣ್ಣವೆಂಬ ಒಂದೇ ಮಾತಿನಲ್ಲಿ ಅಡಗಿಸಿಬಿಡುತ್ತೇವಾದರೂ, ಅವು ಒಂದೇ ಗುಣದ ನಾನಾ ಮಟ್ಟಗಳಲ್ಲ. ಒಂದೊಂದಕ್ಕೂ ಕಾರಣವಾದ ದ್ರವ್ಯ ಬೇರೆ, ಅದನ್ನು ಆಳುವ ವಂಶವಾಹಿಗಳ ನೆಲೆ ಬೇರೆ, ತಂದೆತಾಯಿಗಳಿಂದ ಮಕ್ಕಳಿಗೆ ಅದು ಇಳಿದುಬರುವ ದಾರಿಯೂ ಬೇರೆ. ಈ ವಿವೇಕವಿಲ್ಲದೆ ಸೂಚೀಪರ್ಣಿಗಳ ಬಣ್ಣದ ಆನುವಂಶಿಕತೆಯನ್ನು ಕುರಿತು ಏನನ್ನು ಹೇಳಹೊರಟರೂ ಅದು ಗೊಂದಲಕ್ಕೇ ಎಡೆಮಾಡುತ್ತದೆ.

ದಕ್ಷಿಣ ಭಾರತದ ವಾಚಕರಿಗೆ ಈ ವೃಕ್ಷಗಳ ಪರಿಚಯ ಸಹಜವಾಗಿಯೇ ಕಡಿಮೆ. ನಮ್ಮ ಪರ್ಯಾಯದ್ವೀಪಕ್ಕೆ ಸ್ವಂತವಾದ ಸೂಚೀಪರ್ಣಿ ವರ್ಗದ ಮರ ನಗೇಯ ವಾಲಿಚಿಯಾನ ಒಂದೇ. ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ ಬೆಳೆಯುವ ಅದರ ಎಲೆಯಾದರೂ ಸೂಜಿಯಂತಿರದೆ ಅಗಲವಾಗಿರುತ್ತದೆ. ಬೆಂಗಳೂರಿನ ಲಾಲ್‌ಬಾಗಿನ ಅರಾಕೇರಿಯಗಳು ಶಾಂತಸಾಗರದ ದ್ವೀಪಗಳಿಂದ ಬಂದವು. ಹಿಮಾಲಯದ ದೇವದಾರುವನ್ನೂ ಡಾರ್ಜಿಲಿಂಗಿನ ಇಳಿಜಾರುಗಳಲ್ಲಿ ಧುಪಿ ಎಂಬ ಹೆಸರಿನಿಂದ ನೆಲೆಗೊಂಡಿರುವ ಜಪಾನಿನ ಸುಗಿಯನ್ನೂ ಕಂಡವರಿಗೆ ಮಾತ್ರ ಮುಂದಿನ ಸಂಗತಿಗಳು ಕಣ್ಣಿಗೆ ಕಟ್ಟಿದಂತಾದಾವು.

ಎಲೆಯ ಹಸಿರಿಗೆ ಕಾರಣವಾದದ್ದು ಪತ್ರಹರಿತ್ತು. ಅದು ಜೀವಕೋಶದೊಳಗಿನ ಕ್ಲೋರೊಪ್ಲಾಸ್ಟುಗಳೆಂಬ ಕಣಗಳಲ್ಲಿ ನೆಲಸಿ ಕೆಂಪು ಮತ್ತು ನೀಲಿ ಕಿರಣಗಳನ್ನು ಹೀರಿಕೊಂಡು ಹಸಿರನ್ನು ಬಿಟ್ಟುಕೊಡುತ್ತದೆ. ಅದರ ಜೊತೆಯಲ್ಲಿಯೇ ಇರುವ ಕೆರೊಟಿನಾಯ್ಡುಗಳೆಂಬ ಹಳದಿ ಕಿತ್ತಳೆ ದ್ರವ್ಯಗಳು, ಪತ್ರಹರಿತ್ತು ಸಮೃದ್ಧವಾಗಿರುವವರೆಗೆ ಮರೆಯಾಗಿದ್ದು, ಅದು ಕ್ಷೀಣಿಸಿದಾಗ ಹೊರಗೆ ತೋರುತ್ತವೆ. ಚಳಿಗಾಲಕ್ಕೆ ಮೊದಲು ಎಲೆಯುದುರಿಸುವ ಲಾರ್ಚ್ ಮರ ಉದುರುವ ಮುನ್ನ ಹೊನ್ನಿನ ಬಣ್ಣ ತಳೆಯುವುದು ಈ ಕ್ರಮದಿಂದಲೇ. ಕೋಶರಸದಲ್ಲಿ ಕರಗಿರುವ ಆಂಥೊಸಯನಿನ್ ಕೆಂಪನ್ನೂ ನೇರಳೆಯನ್ನೂ ಕೊಡುತ್ತದೆ. ಇವೆಲ್ಲವೂ ಎಲೆಯ ಒಳಗಿನ ವರ್ಣದ್ರವ್ಯಗಳು. ಆದರೆ ನೀಲಿಗೂ ಬೆಳ್ಳಿಯ ಛಾಯೆಗೂ ಕಾರಣವಾದದ್ದು ಒಳಗಿನ ಯಾವ ದ್ರವ್ಯವೂ ಅಲ್ಲ, ಎಲೆಯ ಹೊರಮೈಯನ್ನು ಮುಚ್ಚಿರುವ ಮೇಣ. ಇದಲ್ಲದೆ ಮಣ್ಣಿನಲ್ಲಿ ಮೆಗ್ನೀಸಿಯಮ್ಮೋ ಕಬ್ಬಿಣವೋ ಕಡಿಮೆಯಾದಾಗ, ಬೇರಿಗೆ ನೀರು ನಿಂತಾಗ, ಕೀಟ ಹತ್ತಿದಾಗ ಎಲೆ ಹಳದಿಯಾಗುವುದುಂಟು. ಅದು ರೋಗವೇ ಹೊರತು ಆನುವಂಶಿಕ ಭೇದವಲ್ಲ. ಎರಡನ್ನೂ ಬೇರ್ಪಡಿಸುವ ಉಪಾಯ ಸರಳವಾದದ್ದು: ಬಣ್ಣಗೆಟ್ಟ ಮರದ ಕುಡಿಯನ್ನು ಆರೋಗ್ಯವಂತ ಸಸಿಯ ಮೇಲೆ ಕಸಿಮಾಡಿ ಒಳ್ಳೆಯ ಮಣ್ಣಿನಲ್ಲಿ ಬೆಳೆಸಿದಾಗ ಹಳದಿ ಉಳಿದರೆ ಅದು ಹುಟ್ಟುಗುಣ, ಅಳಿದರೆ ನೆಲದ ದೋಷ.

ನೀಲಿಯ ವಿಷಯದಲ್ಲಿ ಅತ್ಯಂತ ಹೆಚ್ಚು ಅಭ್ಯಾಸಕ್ಕೆ ಒಳಗಾದ ಮರ ಉತ್ತರ ಅಮೆರಿಕದ ರಾಕಿ ಪರ್ವತಶ್ರೇಣಿಯ ನೀಲಿ ಸ್ಪ್ರೂಸ್. ಶಾಸ್ತ್ರದಲ್ಲಿ ಅದಕ್ಕೆ ಪೈಸಿಯ ಪುಂಜೆನ್ಸ್ ಎಂದು ಹೆಸರು. 1862ರಲ್ಲಿ ಚಾರ್ಲ್ಸ್ ಪ್ಯಾರಿ ಎಂಬ ಸಸ್ಯಸಂಗ್ರಾಹಕನು ಕೊಲರಾಡೊದ ಪೈಕ್ಸ್ ಶಿಖರದಲ್ಲಿ ಇದನ್ನು ಕಂಡನು. 1879ರಲ್ಲಿ ಜಾರ್ಜ್ ಎಂಗಲ್‌ಮನ್ ಈಗ ಬಳಕೆಯಲ್ಲಿರುವ ಶಾಸ್ತ್ರೀಯ ನಾಮವನ್ನಿತ್ತನು. 1939ರಲ್ಲಿ ಕೊಲರಾಡೊ ಸಂಸ್ಥಾನ ಇದನ್ನು ತನ್ನ ರಾಜ್ಯವೃಕ್ಷವನ್ನಾಗಿ ಸ್ವೀಕರಿಸಿತು. ನೀಲಿ ಎಂದು ಹೆಸರಾದರೂ ಕಾಡಿನಲ್ಲಿ ಬೆಳೆದ ಈ ಮರಗಳೆಲ್ಲ ನೀಲಿಯಲ್ಲ. ಒಂದೇ ಕಣಿವೆಯಲ್ಲಿ ಹಸಿರಿನಿಂದ ತೊಡಗಿ ಬೂದಿಹಸಿರು, ಬೂದಿನೀಲಿ, ಬೆಳ್ಳಿನೀಲಿಗಳವರೆಗೆ ಎಲ್ಲ ಛಾಯೆಗಳೂ ಒಂದರೊಳಗೊಂದು ಕರಗಿಹೋಗುವಂತೆ ಸಾಲಾಗಿ ನಿಂತಿರುತ್ತವೆ; ಇಲ್ಲಿಗೆ ಹಸಿರು ಮುಗಿಯಿತು, ಇಲ್ಲಿಂದ ನೀಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಸಾಧ್ಯವಿಲ್ಲ. ಈ ಮರದ ಎಳೆಯ ಸೂಜಿಯೊಂದನ್ನು ಎರಡು ಬೆರಳುಗಳ ನಡುವೆ ಹಿಡಿದು ಉಜ್ಜಿದರೆ ನೀಲಿ ಅಳಿಸಿಹೋಗಿ ಅಡಿಯಿಂದ ಸಾಮಾನ್ಯವಾದ ಹಸಿರು ಕಾಣುತ್ತದೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಹ್ಯಾನೋವರ್ ಮತ್ತು ರೈಕೋಸ್ಕಿ 1971ರಲ್ಲಿ ಈ ಎಲೆಗಳ ಮೇಲಿನ ಮೇಣದ ಪದರಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ ಪ್ರಕಟಿಸಿದ ವಿವರಗಳೂ, ಅದೇ ದಶಕದ ಕೊನೆಯಲ್ಲಿ ನೀಲಿ ಮತ್ತು ಹಸಿರು ಮರಗಳು ಬೆಳಕನ್ನು ಪ್ರತಿಫಲಿಸುವ ಪ್ರಮಾಣವನ್ನು ಅಳೆದು ಅವರು ಕೊಟ್ಟ ಲೆಕ್ಕಗಳೂ ಈ ಸಂಗತಿಯನ್ನು ಸ್ಥಿರಪಡಿಸಿದುವು.

ಆ ಮೇಣದ ಮುಖ್ಯ ದ್ರವ್ಯ ನೊನಾಕೊಸಾನ್-10-ಆಲ್. ಎಂದರೆ ಇಪ್ಪತ್ತೊಂಬತ್ತು ಇಂಗಾಲದ ಪರಮಾಣುಗಳ ಸರಪಳಿಯಲ್ಲಿ ಹತ್ತನೆಯದಕ್ಕೆ ಆಲ್ಕೊಹಾಲಿನ ಗುಂಪು ಅಂಟಿಕೊಂಡಿರುವ ಅಣು. ಇದು ಎಲೆಯ ಮೇಲೆ ನುಣುಪಾದ ಲೇಪವಾಗಿ ಹರಡದೆ, ಬರಿಗಣ್ಣಿಗೆ ಎಂದೂ ಕಾಣದಷ್ಟು ಸಣ್ಣ ಟೊಳ್ಳು ಕೊಳವೆಗಳಾಗಿ ಹರಳುಗಟ್ಟಿ, ಪತ್ರರಂಧ್ರಗಳ ಸುತ್ತ ವಿಶೇಷವಾಗಿ ದಟ್ಟೈಸಿರುತ್ತದೆ. ಆ ಕೊಳವೆಗಳ ಕಾಡಿನಲ್ಲಿ ಸಿಕ್ಕಿದ ಬೆಳಕಿನಲ್ಲಿ ಕಿರಿಯ ತರಂಗಗಳು, ಅಂದರೆ ನೀಲಿ ಮತ್ತು ಅತಿನೇರಳೆ ಕಿರಣಗಳು, ಹೆಚ್ಚಾಗಿ ಚದುರಿ ಹಿಂದಿರುಗುವುದರಿಂದ ಎಲೆ ನೀಲಿಯಾಗಿ ತೋರುತ್ತದೆ. ನಮ್ಮ ಕೆರೆಗಳ ತಾವರೆಯೆಲೆಯ ಮೇಲಿನ ಮಾಸಲು ನೀಲಿಯ ಹೊಳಪಿಗೂ, ನೀರು ಅದರ ಮೇಲೆ ನಿಲ್ಲದೆ ಉರುಳಿಹೋಗುವುದಕ್ಕೂ ಇದೇ ಕುಲದ ಮೇಣದ ಕೊಳವೆಗಳೇ ಕಾರಣ. ಹೊಸ ಚಿಗುರಿನಲ್ಲಿ ನೀಲಿ ಉಜ್ವಲವಾಗಿದ್ದು ವರ್ಷಗಳುರುಳಿದಂತೆ ಗಾಳಿಮಳೆಗಳಿಗೆ ಮೇಣ ಸವೆದು ಹಳೆಯ ಎಲೆಗಳು ಹಸಿರಿಗೆ ತಿರುಗುವುದೂ, ಹೊಗೆ ತುಂಬಿದ ನಗರಗಳಲ್ಲಿ ಕೊಳವೆಗಳು ಕರಗಿ ಚಪ್ಪಟೆಯಾಗಿ ಬಣ್ಣ ಮಂಕಾಗುವುದೂ ಇದರಿಂದ ಅರ್ಥವಾಗುತ್ತದೆ.

ಈ ನೀಲಿ ಸಂತತಿಗೆ ಹೇಗೆ ಇಳಿಯುತ್ತದೆ? ನೀಲಿ ಮರಕ್ಕೆ ನೀಲಿ ಮರದ ಪರಾಗವನ್ನು ಕೊಟ್ಟು ಪಡೆದ ಬೀಜಗಳಿಂದ ಬಹುಪಾಲು ನೀಲಿ ಸಸಿಗಳೇ ಹುಟ್ಟುತ್ತವೆ, ಆದರೆ ಎಲ್ಲವೂ ಅಲ್ಲ. ಹಸಿರಿಗೆ ನೀಲಿಯನ್ನು ಕೂಡಿಸಿದಾಗ ಎರಡರ ನಡುವಣ ಛಾಯೆಗಳು ಹೆಚ್ಚಾಗಿ ಕಾಣಬರುತ್ತವೆ. ಮೆಂಡಲನ ಬಟಾಣಿಯಲ್ಲಿ ಹಳದಿ ಹಸಿರುಗಳು ಮೂರಕ್ಕೊಂದರಂತೆ ಕಡಿದಿಟ್ಟ ಹಾಗೆ ಬೇರ್ಪಡುವ ಕ್ರಮ ಇಲ್ಲಿಲ್ಲ. ಮೇಣದ ಅಣುವನ್ನು ಕಟ್ಟುವುದು, ಅದನ್ನು ಕೋಶದಿಂದ ಹೊರಗೆ ಸಾಗಿಸುವುದು, ಅದು ಎಷ್ಟು ದಟ್ಟವಾಗಿ ಯಾವ ಆಕಾರದಲ್ಲಿ ಹರಳುಗಟ್ಟಬೇಕೆಂಬುದನ್ನು ನಿಯಮಿಸುವುದು ಇವೆಲ್ಲ ಬೇರೆಬೇರೆ ವಂಶವಾಹಿಗಳ ಕಾರ್ಯವಾಗಿರುವುದರಿಂದ, ಪ್ರತಿಯೊಂದೂ ತನ್ನ ಪಾಲಿನ ಅಲ್ಪಪರಿಣಾಮವನ್ನು ಕೂಡಿಸುತ್ತ, ಒಟ್ಟಿನಲ್ಲಿ ಮನುಷ್ಯನ ಎತ್ತರದಂತೆ ಅವಿಚ್ಛಿನ್ನವಾದ ಶ್ರೇಣಿಯೊಂದು ಉಂಟಾಗುತ್ತದೆ. ಇಂಥ ಬಹುವಂಶವಾಹಿ ಗುಣಗಳು ಆಯ್ಕೆಗೆ ಚೆನ್ನಾಗಿ ಒಗ್ಗುತ್ತವೆ. ಅರಿಜೋನ ಮತ್ತು ನ್ಯೂ ಮೆಕ್ಸಿಕೊಗಳ ದಕ್ಷಿಣದ ನೆಲೆಗಳಿಂದ ತಂದ ಬೀಜಗಳಲ್ಲಿ ನೀಲಿ ಸಸಿಗಳ ಪ್ರಮಾಣ ಹೆಚ್ಚೆಂಬುದು ತುಲನಾತ್ಮಕ ನೆಡುತೋಪುಗಳಲ್ಲಿ ಸಿದ್ಧವಾಗಿದೆ. ಬಿಸಿಲು ಪ್ರಖರವಾಗಿಯೂ ನೀರು ವಿರಳವಾಗಿಯೂ ಇರುವೆಡೆಗಳಲ್ಲಿ ಬೆಳಕನ್ನು ಹಿಂದಿರುಗಿಸುವ ಮೇಣಕ್ಕೆ ಬೆಲೆ ಹೆಚ್ಚೆಂದು ಇದರಿಂದ ಊಹಿಸುವುದು ಯುಕ್ತವಾಗಿದೆ. ಡಗ್ಲಸ್ ಫರ್ ಮರದಲ್ಲಿಯೂ ಶಾಂತಸಾಗರದ ತೀರದ ಬಗೆ ಹಸಿರಾಗಿ, ಒಳನಾಡಿನ ರಾಕಿ ಪರ್ವತದ ಬಗೆ ನೀಲಿಯಾಗಿರುವುದು ಇದೇ ದಿಕ್ಕಿನಲ್ಲಿ ಸಾಕ್ಷ್ಯ ನುಡಿಯುತ್ತದೆ.

ತೋಟಗಾರನಿಗಾದರೋ ಸರಾಸರಿಯ ನೀಲಿ ಸಾಲದು, ತಾನು ಮೆಚ್ಚಿದ ಆ ಒಂದು ಮರದ ನೀಲಿಯೇ ಬೇಕು. ಬೀಜದಿಂದ ಅದು ದೊರೆಯುವಂತಿಲ್ಲ. ಪ್ರತಿಯೊಂದು ಬೀಜದಲ್ಲಿಯೂ ವಂಶವಾಹಿಗಳು ಹೊಸದಾಗಿ ಕಲೆತುಕೊಳ್ಳುತ್ತವೆ. ಆದುದರಿಂದ ಹಾಲೆಂಡಿನ ಬೋಸ್ಕೂಪ್ ಮೊದಲಾದ ಕಡೆಗಳ ಸಸ್ಯಪಾಲಕರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಉತ್ತಮ ನೀಲಿಯ ಮರಗಳನ್ನು ಆರಿಸಿ, ಅವುಗಳ ಕುಡಿಗಳನ್ನು ನಾರ್ವೆ ಸ್ಪ್ರೂಸಿನ ಸಸಿಗಳ ಮೇಲೆ ಕಸಿಕಟ್ಟಿ, ಕೋಸ್ಟರ್ ಮುಂತಾದ ಹೆಸರಿನ ತಳಿಗಳನ್ನು ಲೋಕಕ್ಕೆ ಹಂಚಿದರು. ಹೀಗೆ ಒಂದೇ ಮರದಿಂದ ಕಸಿಯಾಗಿ ಇಂದು ಉದ್ಯಾನಗಳಲ್ಲಿ ನಿಂತಿರುವ ಮರಗಳೆಲ್ಲ ಆನುವಂಶಿಕವಾಗಿ ಆ ಒಂದೇ ಮರದ ಅಂಗಗಳು.

ಇನ್ನು ಒಳಗಿನ ಹಸಿರೇ ಕೆಡುವ ಪ್ರಸಂಗ. ಪತ್ರಹರಿತ್ತು ಹಲವು ಮೆಟ್ಟಿಲುಗಳಲ್ಲಿ ತಯಾರಾಗುವ ದ್ರವ್ಯ. ಒಂದೊಂದು ಮೆಟ್ಟಿಲಿಗೂ ಒಂದೊಂದು ಕಿಣ್ವ, ಒಂದೊಂದು ಕಿಣ್ವಕ್ಕೂ ಒಂದೋ ಹೆಚ್ಚೋ ವಂಶವಾಹಿಗಳು. ಇವುಗಳಲ್ಲಿ ಯಾವುದೊಂದು ಕೆಟ್ಟರೂ ಹಸಿರು ಕುಂದುತ್ತದೆ. ಸ್ವೀಡನ್ನಿನ ಓಕೆ ಗುಸ್ತಾಫ್‌ಸನ್ 1940ರಲ್ಲಿ ಬಾರ್ಲಿ ಗಿಡದಲ್ಲಿ ಇಂತಹ ಉತ್ಪರಿವರ್ತನೆಗಳನ್ನು ವರ್ಗೀಕರಿಸಿ, ಅಚ್ಚ ಬಿಳಿಯವಕ್ಕೆ ಆಲ್ಬಿನ, ಹಳದಿಯವಕ್ಕೆ ಕ್ಸಾಂಥ, ತೆಳುಹಸಿರಿನವಕ್ಕೆ ವಿರಿಡಿಸ್ ಎಂದು ಹೆಸರಿಟ್ಟನು; ಆ ಹೆಸರುಗಳೇ ಸೂಚೀಪರ್ಣಿಗಳಿಗೂ ಅನ್ವಯವಾದುವು. ಅದೇ ದೇಶದ ವಿಲ್ಹೆಲ್ಮ್ಸ್ ಐಖೆ 1955ರಲ್ಲಿ ಸ್ಕಾಟ್ಸ್ ಪೈನ್ ಮರದ ಸಸಿಗಳಲ್ಲಿ ತಾವಾಗಿ ಕಾಣಿಸಿಕೊಂಡ ಈ ಬಗೆಯ ಉತ್ಪರಿವರ್ತನೆಗಳನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದನು. ಇವು ಬಹುತೇಕ ಸುಪ್ತಗುಣಗಳು. ತಾಯಿಯಿಂದ ಬಂದ ಪ್ರತಿ ಕೆಟ್ಟಿದ್ದರೂ ತಂದೆಯಿಂದ ಬಂದ ಪ್ರತಿ ಸರಿಯಾಗಿದ್ದರೆ ಮರ ಪೂರ್ಣಹಸಿರಾಗಿಯೇ ಬೆಳೆದು, ಒಳಗಿನ ಆ ದೋಷವನ್ನು ಯಾರಿಗೂ ತೋರಗೊಡದೆ ನೂರಾರು ವರ್ಷ ಬಾಳುತ್ತದೆ. ಅದರ ಪರಾಗ ಅದರ ಅಂಡಕಗಳಿಗೇ ಬಿದ್ದಾಗ ಮಾತ್ರ ಸಂತತಿಯ ನಾಲ್ಕರಲ್ಲೊಂದು ಸಸಿ ಎರಡೂ ಕೆಟ್ಟ ಪ್ರತಿಗಳನ್ನು ಪಡೆದು ಬಿಳಿಯಾಗಿಯೋ ಹಳದಿಯಾಗಿಯೋ ಮೊಳೆಯುತ್ತದೆ. ಬೀಜದಲ್ಲಿದ್ದ ಆಹಾರ ತೀರುವವರೆಗೆ ಬದುಕಿ ಅಳಿಯುತ್ತದೆ.

ಗಾಳಿಯಿಂದ ಪರಾಗ ಪಡೆಯುವ ಈ ಮರಗಳಲ್ಲಿ ಸ್ವಕೀಯ ಪರಾಗಸ್ಪರ್ಶ ಹಾನಿಕರವೆಂಬುದು ಚಿರಪರಿಚಿತ. ಹಾಗೆ ಹುಟ್ಟಿದ ಭ್ರೂಣಗಳಲ್ಲಿ ಬಹಳಷ್ಟು ಬೀಜದೊಳಗೇ ನಾಶವಾಗುತ್ತವೆ. ಒಂದೇ ಅಂಡಕದಲ್ಲಿ ಹಲವು ಭ್ರೂಣಗಳು ಮೊದಲಾಗಿ, ಬಲವಾದದ್ದು ಉಳಿದು ದುರ್ಬಲವಾದವು ಅಡಗಿಹೋಗುವ ಪದ್ಧತಿ ಇವುಗಳಲ್ಲಿರುವುದರಿಂದ, ಆ ನಾಶದ ಲೆಕ್ಕವೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಹಸಿರಿನ ದೋಷವೊಂದು ಭ್ರೂಣಕ್ಕೆ ತಗಲುವುದಿಲ್ಲ. ಬೀಜದ ಕತ್ತಲಲ್ಲಿ ತಾಯಿ ಕೂಡಿಟ್ಟ ಆಹಾರದಿಂದ ಬೆಳೆಯುವ ಭ್ರೂಣಕ್ಕೆ ಹಸಿರಿನ ಅಗತ್ಯವೇ ಇಲ್ಲ. ಆದುದರಿಂದಲೇ ಪಾತಿಯಲ್ಲಿ ಮೊಳೆತ ಬಿಳಿ ಹಳದಿ ಸಸಿಗಳ ಎಣಿಕೆ, ಮರಗಳು ಎಷ್ಟರಮಟ್ಟಿಗೆ ತಮ್ಮ ಪರಾಗವನ್ನೇ ಪಡೆದುವೆಂಬುದಕ್ಕೆ ನಂಬಲರ್ಹವಾದ ಅಳತೆಗೋಲಾಯಿತು. ಜರ್ಮನಿಯ ವುಲ್ಫ್‌ಗಾಂಗ್ ಲಾಂಗ್ನರ್ 1953ರಲ್ಲಿ ನಾರ್ವೆ ಸ್ಪ್ರೂಸಿನ ಹೊಂಬಣ್ಣದ ಮರಗಳ ಸಂತತಿಯನ್ನು ಎಣಿಸಿ ಕಾಡಿನೊಳಗಿನ ಗರ್ಭಾಧಾನದ ಕ್ರಮವನ್ನು ಬಿಡಿಸಲು ಯತ್ನಿಸಿದ್ದು ಇದೇ ತತ್ತ್ವದ ಮೇಲೆ. ಅಣುಜೀವಶಾಸ್ತ್ರದ ಉಪಕರಣಗಳಿನ್ನೂ ಹುಟ್ಟದಿದ್ದ ಕಾಲದಲ್ಲಿ, ಸಾಯಲೆಂದೇ ಹುಟ್ಟಿದ ಈ ಸಸಿಗಳು ವಿಜ್ಞಾನಕ್ಕೆ ಮಾಡಿದ ಉಪಕಾರ ಬಹಳ ದೊಡ್ಡದು.

ಕತ್ತಲಿನ ಮಾತು ಬಂದಾಗ ಸೂಚೀಪರ್ಣಿಗಳ ಇನ್ನೊಂದು ವಿಶೇಷವನ್ನು ಹೇಳದಿರಲಾಗದು. ನವರಾತ್ರಿಯಲ್ಲಿ ಘಟಸ್ಥಾಪನೆಯ ಮಣ್ಣಿನಲ್ಲಿ ದೇವರ ಕೋಣೆಯ ಕತ್ತಲಲ್ಲಿ ಮೊಳೆತ ಧಾನ್ಯದ ಸಸಿಗಳು ಹಳದಿಯಾಗಿರುವುದನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಹೂಬಿಡುವ ಸಸ್ಯಗಳಲ್ಲಿ ಪತ್ರಹರಿತ್ತಿನ ತಯಾರಿಕೆಯ ಒಂದು ಮೆಟ್ಟಿಲು ಬೆಳಕಿಲ್ಲದೆ ನಡೆಯದು. ಆದರೆ ಪೈನ್ ಮತ್ತು ಸ್ಪ್ರೂಸಿನ ಸಸಿಗಳು ಪೂರ್ಣವಾದ ಕತ್ತಲಲ್ಲಿಯೂ ಹಸಿರಾಗುತ್ತವೆ. ಆ ಮೆಟ್ಟಿಲನ್ನು ಬೆಳಕಿನ ನೆರವಿಲ್ಲದೆ ದಾಟಿಸುವ ಇನ್ನೊಂದು ಕಿಣ್ವ ಅವುಗಳಲ್ಲಿ ಉಳಿದುಬಂದಿದೆ. ಅದರ ಮೂರು ಭಾಗಗಳಿಗೆ ಸಂಬಂಧಿಸಿದ ಮೂರು ವಂಶವಾಹಿಗಳು ಕೋಶಕೇಂದ್ರದಲ್ಲಿರದೆ ಕ್ಲೋರೊಪ್ಲಾಸ್ಟಿನ ಸ್ವಂತ ಡಿಎನ್‌ಎಯಲ್ಲಿವೆ. 1994ರಲ್ಲಿ ಜಪಾನಿನ ವಿಜ್ಞಾನಿಗಳು ಅಲ್ಲಿನ ಕಪ್ಪು ಪೈನ್ ಮರದ ಕ್ಲೋರೊಪ್ಲಾಸ್ಟ್ ಡಿಎನ್‌ಎಯ 1,19,707 ಅಕ್ಷರಗಳನ್ನೂ ಆದ್ಯಂತ ಓದಿದಾಗ ಈ ಮೂರೂ ಅಲ್ಲಿ ದೊರೆತವು. ಹೂಬಿಡುವ ಸಸ್ಯಗಳು ತಮ್ಮ ವಿಕಾಸದ ಹಾದಿಯಲ್ಲಿ ಅವನ್ನು ಕಳೆದುಕೊಂಡಿವೆ.

ಹೀಗೆ ಹಸಿರಿನ ಆಡಳಿತ ಕೋಶಕೇಂದ್ರ ಮತ್ತು ಕ್ಲೋರೊಪ್ಲಾಸ್ಟ್ ಎಂಬ ಎರಡು ಕಡೆ ಹಂಚಿಹೋಗಿದೆ. ಕ್ಲೋರೊಪ್ಲಾಸ್ಟಿನ ದೋಷ ಮೆಂಡಲನ ನಿಯಮಕ್ಕೆ ಒಳಪಡುವುದಿಲ್ಲವೆಂಬುದು 1909ರಲ್ಲಿಯೇ ತಿಳಿಯಿತು. ಆ ವರ್ಷ ಕಾರ್ಲ್ ಕೊರೆನ್ಸ್ ಸಂಜೆಮಲ್ಲಿಗೆಯ ಮಚ್ಚೆಯೆಲೆಯ ಗಿಡಗಳನ್ನು ಪರೀಕ್ಷಿಸಿ, ಬೀಜ ಬಿಳಿಯ ಕೊಂಬೆಯಲ್ಲಿ ಕಟ್ಟಿದರೆ ಬಿಳಿ ಸಸಿ, ಹಸಿರು ಕೊಂಬೆಯಲ್ಲಿ ಕಟ್ಟಿದರೆ ಹಸಿರು ಸಸಿ, ಪರಾಗ ಎಲ್ಲಿಂದ ಬಂದರೂ ಒಂದೇ ಎಂದು ತೋರಿಸಿಕೊಟ್ಟನು. ಅಂದಿನಿಂದ ಕ್ಲೋರೊಪ್ಲಾಸ್ಟು ತಾಯಿಯ ಪಾಲು ಎಂಬ ಅಭಿಪ್ರಾಯ ಬಲವಾಗಿ ಬೇರೂರಿತು. ಸೂಚೀಪರ್ಣಿಗಳಲ್ಲಿ ಅದು ತಲೆಕೆಳಗಾಗಿರುವುದನ್ನು ಪ್ರಕಟಪಡಿಸಿದ್ದು ಜಪಾನಿನ ಒಂದು ಹೊಂಬಣ್ಣದ ಮರ. ವೊಗೊನ್-ಸುಗಿ ಎಂಬ ಈ ತಳಿಯ ಚಿಗುರುಗಳು ವಸಂತದಲ್ಲಿ ಕೆನೆಹಳದಿಯಾಗಿ ಹೊರಟು, ಬೇಸಗೆ ಮುಂದುವರಿದಂತೆ ನಿಧಾನವಾಗಿ ಹಸಿರಾಗುತ್ತವೆ. ಓಬಾ ಮತ್ತು ಸಂಗಡಿಗರು ಇದನ್ನು ಸಾಮಾನ್ಯ ಸುಗಿಯೊಡನೆ ಎರಡೂ ದಿಕ್ಕಿನಲ್ಲಿ ಸಂಕರಗೊಳಿಸಿ 1971ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವೊಗೊನ್ ತಾಯಿಯಾದಾಗ ಸಂತತಿ ಬಹುಪಾಲು ಹಸಿರು. ವೊಗೊನ್ ತಂದೆಯಾದಾಗ ಸಂತತಿ ಬಹುಪಾಲು ಹೊಂಬಣ್ಣ. ಪರಾಗದ ಮೂಲಕ ತಂದೆಯ ಕ್ಲೋರೊಪ್ಲಾಸ್ಟುಗಳೇ ಮಕ್ಕಳಿಗೆ ಬರುತ್ತವೆಂದು ಇದರಿಂದ ಸ್ಪಷ್ಟವಾಯಿತು. ಒಂದು ಮರದ ಎಲೆಬಣ್ಣವನ್ನು ತಾಳ್ಮೆಯಿಂದ ಎಣಿಸಿದ್ದರಿಂದಲೇ ಇಡೀ ಒಂದು ಸಸ್ಯವರ್ಗದ ಸಂತಾನಕ್ರಮ ಹೊರಬಿದ್ದ ಈ ಪ್ರಸಂಗವನ್ನು ಈ ಶಾಸ್ತ್ರದ ಶ್ರೇಷ್ಠ ಸಾಧನೆಯೆಂದು ಎಣಿಸಬೇಕು.

ಮುಂದೆ 1986ರಲ್ಲಿ ಡೇವಿಡ್ ನೀಲ್ ಮತ್ತು ಸಂಗಡಿಗರು ಡಗ್ಲಸ್ ಫರ್ ಮರದಲ್ಲಿ ಡಿಎನ್‌ಎಯನ್ನೇ ನೇರವಾಗಿ ಪರೀಕ್ಷಿಸಿ ಇದನ್ನು ಸಮರ್ಥಿಸಿದರು. 1989ರಲ್ಲಿ ಲೊಬ್ಲಾಲಿ ಪೈನಿನಲ್ಲಿ ಕ್ಲೋರೊಪ್ಲಾಸ್ಟು ತಂದೆಯಿಂದಲೂ ಕೋಶದ ಇನ್ನೊಂದು ಬಗೆಯ ಕಣವಾದ ಮೈಟೊಕಾಂಡ್ರಿಯ ತಾಯಿಯಿಂದಲೂ ಬರುವುದೆಂದೂ, ಕ್ಯಾಲಿಫೋರ್ನಿಯದ ಕರಾವಳಿಯ ರೆಡ್‌ವುಡ್ಡಿನಲ್ಲಿ ಎರಡೂ ತಂದೆಯಿಂದಲೇ ಬರುವುವೆಂದೂ ತಿಳಿದುಬಂತು. ವೊಗೊನ್ ಸುಗಿಯ ದೋಷದ ಜಾಗವೂ ತರುವಾಯ ಗೊತ್ತಾಯಿತು. ಸುಗಿಯ ಕ್ಲೋರೊಪ್ಲಾಸ್ಟ್ ಡಿಎನ್‌ಎಯನ್ನು 2008ರಲ್ಲಿ ಪೂರ್ಣವಾಗಿ ಓದಿದ ಹಿರಾವೊ ಮತ್ತು ಸಂಗಡಿಗರು, ಮರುವರ್ಷ ಹಸಿರು ಮರದ ಪಾಠದೊಡನೆ ವೊಗೊನ್ ಪಾಠವನ್ನು ಹೋಲಿಸಿ, ಮ್ಯಾಟ್‌ಕೆ ಎಂಬ ವಂಶವಾಹಿಯಲ್ಲಿ ಕೆಲವು ಅಕ್ಷರಗಳು ಹೆಚ್ಚಾಗಿ ಸೇರಿ ಅಲ್ಲಿಂದ ಮುಂದಿನ ಓದೆಲ್ಲ ಪಲ್ಲಟವಾಗಿರುವುದನ್ನು ಕಂಡರು. ಈ ವಂಶವಾಹಿಯ ಪ್ರೋಟೀನು ಕ್ಲೋರೊಪ್ಲಾಸ್ಟಿನ ಇತರ ಕೆಲವು ಸಂದೇಶಗಳಿಂದ ಅನವಶ್ಯಕ ಭಾಗಗಳನ್ನು ಕತ್ತರಿಸಿ ತೆಗೆಯುವ ಕೆಲಸಕ್ಕೆ ನೆರವಾಗತಕ್ಕದ್ದು. ಅದು ಕೆಟ್ಟಾಗ ಕ್ಲೋರೊಪ್ಲಾಸ್ಟಿನ ಬೆಳವಣಿಗೆಯೇ ಕುಂಠಿತವಾಗುವುದು ಸಹಜ.

ಅದೇ ಸುಗಿ ಮರ ಋತುವಿಗನುಗುಣವಾದ ಬಣ್ಣಕ್ಕೂ ಉತ್ತಮ ನಿದರ್ಶನ. ಚಳಿಗಾಲದಲ್ಲಿ ಸಾಮಾನ್ಯ ಸುಗಿಯ ಬಿಸಿಲಿಗೆ ಒಡ್ಡಿದ ಎಲೆಗಳು ಕೆಂಗಂದು ಬಣ್ಣಕ್ಕೆ ತಿರುಗುತ್ತವೆ. ಆಗ ಶೀತದಿಂದ ದ್ಯುತಿಸಂಶ್ಲೇಷಣೆ ಮಂದವಾಗಿರುವುದರಿಂದ, ಹೀರಿದ ಬೆಳಕು ಬಳಕೆಯಾಗದೆ ಎಲೆಯನ್ನೇ ಸುಡುವ ಅಪಾಯವುಂಟು. ಅದನ್ನು ತಡೆಯಲು ರೋಡೊಕ್ಸಾಂಥಿನ್ ಎಂಬ ಕೆಂಪು ಕೆರೊಟಿನಾಯ್ಡು ಎಲೆಯಲ್ಲಿ ಸಂಚಯವಾಗುತ್ತದೆ. ಮಿದೋರಿ-ಸುಗಿ ಎಂಬ ತಳಿಯಲ್ಲಿ ಈ ದ್ರವ್ಯ ಹುಟ್ಟದೆ ಮರ ಚಳಿಗಾಲವೆಲ್ಲ ಹಸಿರಾಗಿಯೇ ಇರುತ್ತದೆ; ಇದು ಕೋಶಕೇಂದ್ರದ ಒಂದೇ ಸುಪ್ತ ವಂಶವಾಹಿಯ ಫಲ. ಹೀಗೆ ಒಂದೇ ಜಾತಿಯ ಮರದಲ್ಲಿ ವಸಂತದ ಹೊಂಬಣ್ಣ ತಂದೆಯ ಕ್ಲೋರೊಪ್ಲಾಸ್ಟಿನಿಂದಲೂ, ಚಳಿಗಾಲದ ಹಸಿರು ಇಬ್ಬರು ಪೋಷಕರ ಕೋಶಕೇಂದ್ರಗಳಿಂದಲೂ ಇಳಿದುಬರುತ್ತವೆ. ಮಿದೋರಿ ರೋಡೊಕ್ಸಾಂಥಿನ್ ಇಲ್ಲದೆಯೂ ಬದುಕುವುದು, ಇತರ ರಕ್ಷಕ ಕೆರೊಟಿನಾಯ್ಡುಗಳನ್ನು ಹೆಚ್ಚಿಸಿಕೊಳ್ಳುವುದರ ಮೂಲಕ.

ಸ್ಕಾಟ್ಸ್ ಪೈನಿನಲ್ಲಿ ಇದೇ ಋತುಧರ್ಮ ಭೂಗೋಳದ ಕ್ರಮದಲ್ಲಿ ಹಂಚಿಹೋಗಿದೆ. ಉತ್ತರದ ಮತ್ತು ಉರಲ್ ಕಡೆಯ ಬೀಜಗಳಿಂದ ಬೆಳೆದ ಮರಗಳು ಶರತ್ಕಾಲದಲ್ಲಿ ಪತ್ರಹರಿತ್ತನ್ನು ತಗ್ಗಿಸಿಕೊಂಡು ಹಳದಿಯಾಗುತ್ತವೆ. ಸ್ಪೇನಿನ ಬೀಜಗಳವು ಅದೇ ನೆಲದಲ್ಲಿ, ಅದೇ ಚಳಿಯಲ್ಲಿ ನೀಲಿಹಸಿರಾಗಿಯೇ ಇರುತ್ತವೆ. ಜೊನಾಥನ್ ರೈಟ್ ಮತ್ತು ಬುಲ್ ಮಿಷಿಗನ್ನಿನಲ್ಲಿ ನಾನಾ ದೇಶಗಳ ಬೀಜಗಳನ್ನು ಒಟ್ಟಿಗೆ ಬೆಳೆಸಿ 1963ರಲ್ಲಿ ಕೊಟ್ಟ ವರದಿ ಇದಕ್ಕೆ ಪ್ರಮಾಣಗ್ರಂಥವಾಗಿದೆ. ಕ್ರಿಸ್ಮಸ್ ಮರಗಳನ್ನು ಬೆಳೆಯುವ ಅಮೆರಿಕದ ರೈತರು ದಕ್ಷಿಣ ಯೂರೋಪಿನ ಬೀಜವನ್ನೇ ಬಯಸುವುದಕ್ಕೂ, ಹಳದಿಯಾಗುವ ಬಗೆಯನ್ನು ನೆಟ್ಟವರು ಕಡಿಯುವ ಮೊದಲು ಅದಕ್ಕೆ ಹಸಿರುಬಣ್ಣ ಸಿಂಪಡಿಸುವುದಕ್ಕೂ ಕಾರಣ ಇದೇ.

ಒಬ್ಬಂಟಿಯಾಗಿ ಕೀರ್ತಿ ಪಡೆದ ಬಣ್ಣಗೆಟ್ಟ ಮರಗಳೂ ಉಂಟು. ಕೆನಡದ ಪಶ್ಚಿಮ ತೀರದಾಚೆಯ ಹೈಡಾ ಗ್ವೈ ದ್ವೀಪಗಳಲ್ಲಿ, ಯಕೂನ್ ನದಿಯ ದಡದಲ್ಲಿ, ಮುನ್ನೂರು ವರ್ಷಕ್ಕೂ ಮಿಗಿಲಾದ ವಯಸ್ಸಿನ, ಸುಮಾರು 50 ಮೀಟರ್ ಎತ್ತರದ ಸಿಟ್ಕ ಸ್ಪ್ರೂಸ್ ಒಂದು ಹೊಂಬಣ್ಣದ ಎಲೆಗಳಿಂದ ನಿಂತಿತ್ತು. ಹೈಡಾ ಜನರು ಅದನ್ನು ಕೀಡ್‌ಕ್ಯಾಸ್ ಎಂದು ಕರೆದು, ಹಿಂದಿರುಗಿ ನೋಡಬೇಡವೆಂಬ ಮಾತನ್ನು ಮೀರಿ ನೋಡಿದ ಬಾಲಕನೇ ಮರವಾಗಿ ನಿಂತನೆಂದು ನಂಬಿ ಗೌರವಿಸುತ್ತಿದ್ದರು. ಅದರ ನೆರಳಿನ ಎಲೆಗಳು ಹಸಿರು. ಬಿಸಿಲಿಗೆ ಬಿದ್ದವು ಮಾತ್ರ ಹೊನ್ನು. ಪತ್ರಹರಿತ್ತು ತಯಾರಾಗದಿರುವುದಕ್ಕಿಂತ, ಪ್ರಖರವಾದ ಬೆಳಕಿನಲ್ಲಿ ಅದು ಉಳಿಯದಿರುವುದೇ ಅಲ್ಲಿನ ದೋಷ. 1997ರ ಜನವರಿಯಲ್ಲಿ ಒಬ್ಬ ವ್ಯಕ್ತಿ ಮರ ಕಡಿಯುವ ಉದ್ಯಮದ ಮೇಲಿನ ತನ್ನ ಕೋಪಕ್ಕೆ ಈ ಮರವನ್ನೇ ಬಲಿಗೊಟ್ಟನು. ಅದಕ್ಕೂ ಮೊದಲೇ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಅದರ ಕುಡಿಗಳನ್ನು ಕಸಿಮಾಡಿದ್ದರಿಂದ ಆ ವಂಶವಾಹಿಗಳ ಜೋಡಣೆ ಲೋಕದಿಂದ ಅಳಿದುಹೋಗಲಿಲ್ಲ. ಆದರೆ ಪಕ್ಕದ ಕೊಂಬೆಯಿಂದ ತೆಗೆದ ಕುಡಿ ನೆಟ್ಟಗೆ ಏರದೆ ಅಡ್ಡಕ್ಕೆ ಹರಡುವ ಸ್ವಭಾವವುಳ್ಳದ್ದಾದುದರಿಂದ, ಆ ಮಹಾವೃಕ್ಷದ ಪ್ರತಿರೂಪ ಸುಲಭವಾಗಿ ಮರಳಿ ಬರುವಂಥದಲ್ಲ.

ಕರಾವಳಿಯ ರೆಡ್‌ವುಡ್ ಕಾಡುಗಳಲ್ಲಿ, ಮುಖ್ಯವಾಗಿ ಸಾಂತಾ ಕ್ರೂಜ಼್ ಬಳಿಯ ಹೆನ್ರಿ ಕೋವೆಲ್ ಉದ್ಯಾನದಂಥ ಕಡೆಗಳಲ್ಲಿ, ಹಸಿರು ಮರದ ಬುಡದಿಂದ ಅಚ್ಚ ಬಿಳಿಯ ಕವಲುಗಳು ಏಳುವುದುಂಟು. ಹಸಿರಿಲ್ಲದ ಇವು ತಾಯಿಮರದ ಬೇರಿನಿಂದಲೇ ಆಹಾರ ಪಡೆದು ಬಾಳುತ್ತವೆ. ರೆಡ್‌ವುಡ್ಡಿನ ಕೋಶದಲ್ಲಿ ವರ್ಣತಂತುಗಳ ಆರು ಗುಂಪುಗಳು, ಒಟ್ಟು 66 ವರ್ಣತಂತುಗಳು ಇವೆ. ಒಂದು ವಂಶವಾಹಿಯ ಒಂದು ಪ್ರತಿ ಕೆಟ್ಟರೆ ಐದು ಪ್ರತಿಗಳು ಅದರ ಕೆಲಸವನ್ನು ಮಾಡಬಲ್ಲುವು. ಆದಕಾರಣ ಈ ಬಿಳುಪನ್ನು ಬಟಾಣಿಯ ಸರಳ ಲೆಕ್ಕದಿಂದ ವಿವರಿಸಹೊರಡುವುದು ಸರಿಯಲ್ಲ. ಒಂದೇ ಕವಲಿನಲ್ಲಿ ಹಸಿರು ಮತ್ತು ಬಿಳಿ ಕೋಶಗಳು ಅಕ್ಕಪಕ್ಕದಲ್ಲಿ ಬೆಳೆದು ಮಚ್ಚೆಗಳಾಗುವ ಮಿಶ್ರದೇಹಿಗಳೂ ಅಪೂರ್ವವಾಗಿ ಕಾಣಸಿಗುತ್ತವೆ. ಹೂಬಿಡುವ ಸಸ್ಯಗಳಂತೆ ಕುಡಿಯ ಕೋಶಗಳು ಕಟ್ಟುನಿಟ್ಟಾದ ಪದರಗಳಲ್ಲಿ ನಿಲ್ಲದಿರುವುದರಿಂದ ಸೂಚೀಪರ್ಣಿಗಳಲ್ಲಿ ಇಂಥ ಮಚ್ಚೆಗಳು ಸ್ಥಿರವಾಗಿ ಉಳಿಯುವುದು ಕಡಿಮೆ.

ಈ ವೃಕ್ಷಗಳ ವಂಶವಾಹಿಗಳನ್ನು ಹುಡುಕುವ ಕೆಲಸ ಸುಲಭದ್ದಲ್ಲ. 2013ರಲ್ಲಿ ಪ್ರಕಟವಾದ ನಾರ್ವೆ ಸ್ಪ್ರೂಸಿನ ಡಿಎನ್‌ಎ ಪಾಠ ಸುಮಾರು 2,000 ಕೋಟಿ ಅಕ್ಷರಗಳಷ್ಟು ದೀರ್ಘ. ಮನುಷ್ಯನದು 300 ಕೋಟಿ. ಆ ವಿಸ್ತಾರದ ಬಹುಭಾಗ ಮತ್ತೆಮತ್ತೆ ನಕಲಾದ ಒಂದೇ ಬಗೆಯ ಪಾಠ. ಮರವಾದರೂ ಬೀಜ ಕಟ್ಟಲು ಹತ್ತಾರು ವರ್ಷ ಕಾಯಿಸುವುದರಿಂದ ಮೂರು ತಲೆಮಾರಿನ ಸಂಕರಪ್ರಯೋಗವನ್ನು ಒಬ್ಬ ವಿಜ್ಞಾನಿ ತನ್ನ ಆಯುಷ್ಯದಲ್ಲಿ ಮುಗಿಸುವುದು ವಿರಳ. ಇಷ್ಟೆಲ್ಲ ತೊಡಕುಗಳ ನಡುವೆ ಪ್ರಕೃತಿ ಒಂದು ಅನುಕೂಲವನ್ನು ಒದಗಿಸಿದೆ: ಸೂಚೀಪರ್ಣಿಯ ಬೀಜದಲ್ಲಿ ಭ್ರೂಣವನ್ನು ಸುತ್ತಿರುವ ಆಹಾರದ ಅಂಗಾಂಶ ತಾಯಿಯ ಒಂದೇ ಗುಂಪು ವರ್ಣತಂತುಗಳಿಂದಾದದ್ದು. ಅದನ್ನು ಪರೀಕ್ಷಿಸಿದರೆ ತಾಯಿ ಈ ಸಸಿಗೆ ತನ್ನ ಎರಡು ಪ್ರತಿಗಳಲ್ಲಿ ಯಾವುದನ್ನು ಕೊಟ್ಟಳೆಂಬುದು ನಿಸ್ಸಂದೇಹವಾಗಿ ಗೊತ್ತಾಗುತ್ತದೆ. ಸಸಿಯ ಬಣ್ಣದೊಡನೆ ಅದನ್ನು ಹೋಲಿಸಿ ದೋಷದ ನೆಲೆಯನ್ನು ಸಮೀಪಿಸಬಹುದು.

ನಮ್ಮ ದೇಶದಲ್ಲಿ ಈ ಅಭ್ಯಾಸಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಹಿಮಾಚಲ, ಉತ್ತರಾಖಂಡಗಳ ದೇವದಾರು ಕಾಡುಗಳಲ್ಲಿ ಕಡುಹಸಿರಿನಿಂದ ಬೆಳ್ಳಿನೀಲಿಯವರೆಗಿನ ಛಾಯೆಗಳು ಕಣ್ಣೆದುರಿಗೇ ಇವೆ. ಅಲ್ಲಿನ ಸಸ್ಯಪಾಲನಾ ಕ್ಷೇತ್ರಗಳ ಪಾತಿಗಳಲ್ಲಿ ಪ್ರತಿವರ್ಷವೂ ಲಕ್ಷಾಂತರ ಸಸಿಗಳು ಮೊಳೆಯುತ್ತವೆ. ಸಿರ್ಸಿ, ಪೊನ್ನಂಪೇಟೆಗಳ ಅರಣ್ಯ ಕಾಲೇಜುಗಳಲ್ಲಿ ಓದಿ ಡೆಹರಾಡೂನಿಗೂ ಹಿಮಾಲಯಕ್ಕೂ ಹೋಗುವ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ: ಪಾತಿಯಲ್ಲಿ ಬಿಳಿಯ ಅಥವಾ ಹಳದಿಯ ಸಸಿ ಕಂಡಾಗ ಅದನ್ನು ಕಳೆಯೆಂದು ಕಿತ್ತೆಸೆಯುವ ಮುನ್ನ, ಬೀಜ ಯಾವ ಮರದ್ದೆಂಬುದನ್ನೂ, ಅದೇ ಮರದ ಹಸಿರು ಸಸಿಗಳು ಎಷ್ಟೆಂಬುದನ್ನೂ ಎಣಿಸಿ ಬರೆದಿಡಿರಿ.